ನೂರು ಮಕ್ಕಳಿಗೊಬ್ಬ ಆಪ್ತ ಸಲಹೆಗಾರ. ಮಾತು ಯಾವ ಭಾಷೆಯಲ್ಲಿ?

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಹಾಗೂ ಸಂದೀಪ್ ಮೆಹ್ತಾ ಅವರ ಪೀಠ 2025ರ ಜುಲೈ 25ರಂದು ಕೊಟ್ಟ ಒಂದು ತೀರ್ಪು ನಮ್ಮ ರಾಯದುರ್ಗ ಸೀಮೆಯಲ್ಲಿ ಅಷ್ಟಾಗಿ ಮಾತಿಗೆ ಬರಲಿಲ್ಲ. ಮಳೆ ಮತ್ತು ಶೇಂಗಾ ಬೆಲೆಯ ಮುಂದೆ ಅದು ಸಣ್ಣ ಸುದ್ದಿಯಾಗಿಯೇ ಹೋಯಿತು. ಆದರೆ ಗಡಿಯಲ್ಲಿ ಕೂತು ಮಕ್ಕಳನ್ನು ಓದಿಸುತ್ತಿರುವ ಪ್ರತಿಯೊಬ್ಬ ಕನ್ನಡಿಗನೂ ಕಿವಿಗೊಡಬೇಕಾದ ತೀರ್ಪು ಅದು.

ತೀರ್ಪಿನ ಬೇರು ಆಂಧ್ರದಲ್ಲೇ ಇದೆ. ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತಯಾರಾಗಲೆಂದು ಪಶ್ಚಿಮ ಬಂಗಾಳದಿಂದ ವಿಶಾಖಪಟ್ಟಣಕ್ಕೆ ಬಂದಿದ್ದ 17 ವರ್ಷದ ಹುಡುಗಿಯೊಬ್ಬಳು 2023ರ ಜುಲೈನಲ್ಲಿ ತೀರಿಕೊಂಡಳು. ತನಿಖೆಯನ್ನು ಸಿಬಿಐಗೆ ವಹಿಸಬೇಕೆಂದು ತಂದೆ ಕೋರ್ಟಿನ ಮೆಟ್ಟಿಲು ಹತ್ತಿದರು. ಕೋರ್ಟು ತನಿಖೆಯನ್ನು ಸಿಬಿಐಗೆ ವಹಿಸಿತು. ಅಷ್ಟಕ್ಕೇ ನಿಲ್ಲದೆ, ದೇಶದ ಶಾಲೆ, ಕಾಲೇಜು, ತರಬೇತಿ ಕೇಂದ್ರ, ಕೋಚಿಂಗ್ ಸೆಂಟರು, ಹಾಸ್ಟೆಲು ಎಲ್ಲಕ್ಕೂ ಅನ್ವಯಿಸುವಂತೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. ಸರ್ಕಾರ ಬೇರೆ ಶಾಸನ ಮಾಡುವ ತನಕ ಇವೇ ಕಾನೂನು ಎಂದೂ ಹೇಳಿತು.

ಅವುಗಳಲ್ಲಿ ಮುಖ್ಯವಾದದ್ದು ಹೀಗಿದೆ: ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕಡೇಪಕ್ಷ ಒಬ್ಬ ಅರ್ಹ ಆಪ್ತ ಸಲಹೆಗಾರ, ಮನಶ್ಶಾಸ್ತ್ರಜ್ಞ ಇಲ್ಲವೇ ಸಮಾಜ ಕಾರ್ಯದಲ್ಲಿ ತರಬೇತಾದವರನ್ನು ಇಟ್ಟುಕೊಳ್ಳಬೇಕು. ನೂರಕ್ಕಿಂತ ಕಡಿಮೆ ಇದ್ದರೆ ಹೊರಗಿನ ತಜ್ಞರೊಂದಿಗೆ ವಿಧಿವತ್ತಾದ ಸಂಪರ್ಕ ಇರಬೇಕು. ಪಾಠ ಮಾಡುವವರು, ಮಾಡದವರು ಸೇರಿ ಎಲ್ಲ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಸಹಾಯವಾಣಿ ನಂಬರುಗಳನ್ನು ಎಲ್ಲರ ಕಣ್ಣಿಗೆ ಬೀಳುವಂತೆ ದಪ್ಪಕ್ಷರದಲ್ಲಿ ಹಾಕಬೇಕು.

ಇದರ ಅಗತ್ಯದ ಬಗ್ಗೆ ಅನುಮಾನ ಇದ್ದವರು ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಅಂಕಿಗಳನ್ನು ನೋಡಬಹುದು. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. 2023ರಲ್ಲಿ ಆ ಸಂಖ್ಯೆ 13,892ಕ್ಕೆ ಏರಿತು. 2001ರಲ್ಲಿ ಇದು 5,425 ಇತ್ತು. ಇಷ್ಟೂ ಸಾವು ಪರೀಕ್ಷೆಯ ಕಾರಣಕ್ಕೇ ಆದವಲ್ಲ. 2022ರ ಲೆಕ್ಕದಲ್ಲಿ ಪರೀಕ್ಷೆ ಫೇಲಾದ ಕಾರಣಕ್ಕೆ ಆದವು 2,248 ಎಂದು ತೀರ್ಪಿನಲ್ಲೇ ಇದೆ. ಅಂದರೆ ಉಳಿದ ಸಂಕಟಗಳು ಮನೆಯವು, ಸಾಲದವು, ಜಾತಿಯವು, ಪ್ರೀತಿಯವು, ಒಂಟಿತನದವು. ಇವನ್ನು ಮಾರ್ಕ್ಸ್ ಕಾರ್ಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಗು ಬಾಯಿ ಬಿಟ್ಟು ಹೇಳಬೇಕು. ಹೇಳಬೇಕಾದರೆ ಕೇಳುವವರು ಬೇಕು. ನನ್ನ ಪ್ರಶ್ನೆ ಹುಟ್ಟುವುದು ಇಲ್ಲೇ. ಗಡಿಯ ಕನ್ನಡ ಮಗು ಹೇಳಿದ್ದನ್ನು ಯಾರು, ಯಾವ ಭಾಷೆಯಲ್ಲಿ ಕೇಳಿಸಿಕೊಳ್ಳುತ್ತಾರೆ?

ಐವತ್ತೂ ಐವತ್ತೂ ನೂರು

ನಮ್ಮಂಥ ಸಣ್ಣ ಊರುಗಳಿಗೆ ಮನಶ್ಶಾಸ್ತ್ರ ಅನ್ನುವ ವಿಷಯ ಬಹುಮಟ್ಟಿಗೆ ಬಿ.ಎಡ್. ಕಾಲೇಜಿನ ಬಾಗಿಲಿಂದ ಬಂತು. ಮಗು ಹೇಗೆ ಬೆಳೆಯುತ್ತದೆ, ಹೇಗೆ ಕಲಿಯುತ್ತದೆ ಎಂಬ ಪಾಠ ಮೇಷ್ಟ್ರಾಗುವವರಿಗೆ ಕಡ್ಡಾಯ. ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಪಿಯಾಜೆಯ ಹಂತಗಳು ಇವೆಲ್ಲ ನಮ್ಮ ರೈತರ ಮಕ್ಕಳ ಬಾಯಿಗೆ ಬಂದದ್ದು ಹಾಗೆ. ಕವಿತೆ ಓದಲು ಕರೆದಾಗಲೆಲ್ಲ ಅಂಥ ಕಾಲೇಜುಗಳಿಗೆ ನಾನು ಹೋಗಿಬರುತ್ತೇನೆ. ನಾನು ಎಸ್ಸೆಸ್ಸೆಲ್ಸಿಗೆ ನಿಂತವನು, ಮನಶ್ಶಾಸ್ತ್ರ ಓದಿದವನಲ್ಲ. ಆದರೆ ಅಲ್ಲಿ ಆ ವಿಷಯ ಹೇಳುವ ಮೇಷ್ಟ್ರು, ಮೇಡಂಗಳ ಜೊತೆ, ಮಕ್ಕಳ ಜೊತೆ ಕೂತು ಮಾತಾಡಿದ್ದೇನೆ. ಮುಂದಿನ ಮಾತುಗಳಿಗೆ ಆಧಾರ ಅದು.

ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ 2014ರ ನಿಯಮದ ಪ್ರಕಾರ ಬಿ.ಎಡ್.ನ ಒಂದು ಘಟಕಕ್ಕೆ 50 ಮಕ್ಕಳು. ಕೋರ್ಸು ಎರಡು ವರ್ಷ. ಒಂದೇ ಘಟಕ ಇರುವ ಸಣ್ಣ ಕಾಲೇಜಿನಲ್ಲಿ ಮೊದಲ ವರ್ಷ ಐವತ್ತು, ಎರಡನೇ ವರ್ಷ ಐವತ್ತು, ಒಟ್ಟು ನೂರು. ಇಂಥ ಕಾಲೇಜಿಗೆ ಎಂಟು ಮಂದಿ ಅಧ್ಯಾಪಕರು ಸಾಕು ಅನ್ನುತ್ತದೆ ನಿಯಮ. ಎಂಟರಲ್ಲಿ ಭಾಷೆ, ಗಣಿತ, ವಿಜ್ಞಾನ, ಸಮಾಜ, ದೈಹಿಕ ಶಿಕ್ಷಣ ಎಂದು ಹಂಚಿದ ಮೇಲೆ ಮನಶ್ಶಾಸ್ತ್ರಕ್ಕೆ ಉಳಿಯುವುದು ಹೆಚ್ಚೆಂದರೆ ಒಬ್ಬರು.

ಈಗ ಕೋರ್ಟಿನ ನೂರರ ಗೆರೆಯನ್ನು ಇದರ ಪಕ್ಕ ಇಟ್ಟು ನೋಡಿ. ಸೀಟು ಪೂರ್ತಿ ತುಂಬಿದರೆ ಕಾಲೇಜು ಸಲಹೆಗಾರರನ್ನು ನೇಮಿಸಲೇಬೇಕು. ಒಂದು ಸೀಟು ಖಾಲಿ ಉಳಿದರೂ ಸಂಖ್ಯೆ ತೊಂಬತ್ತೊಂಬತ್ತು, ನೇಮಕದ ಹೊರೆ ಇಲ್ಲ, ಹೊರಗಿನವರ ಸಂಪರ್ಕ ಸಾಕು. ಸಣ್ಣ ಕಾಲೇಜುಗಳ ಹಣಕಾಸು ಬಲ್ಲವರಿಗೆ ಇದರ ಪರಿಣಾಮ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಗೋಡೆ ಮೇಲೆ ಒಂದು ಫೋನ್ ನಂಬರು, ಫೈಲಿನಲ್ಲಿ ಒಬ್ಬ ಡಾಕ್ಟರ ಒಪ್ಪಿಗೆ ಪತ್ರ, ಅಲ್ಲಿಗೆ ಮುಗಿಯಿತು. ನೂರು ದಾಟಿದ ಕಡೆಯೂ ಸುಲಭದ ದಾರಿ ಒಂದಿದೆ. ಇರುವ ಮನಶ್ಶಾಸ್ತ್ರದ ಅಧ್ಯಾಪಕರಿಗೇ "ಸಲಹೆಗಾರರು" ಅಂತ ಇನ್ನೊಂದು ಬೋರ್ಡು ಹಾಕಿಬಿಡುವುದು.

ಪಾಠ ಹೇಳುವವರೇ ಗುಟ್ಟು ಕೇಳುವವರು

ಈ ಎರಡನೇ ದಾರಿಯ ತೊಡಕನ್ನು ಒಬ್ಬ ಮೇಡಂ ನನಗೆ ತಮ್ಮ ಅನುಭವದಿಂದಲೇ ಹೇಳಿದರು. "ನೋಡ್ರಣ್ಣ, ಆ ಹುಡುಗೀಗೆ ಇಂಟರ್ನಲ್ ಮಾರ್ಕ್ಸ್ ಹಾಕೋಳು ನಾನು. ಶಾಲೆಗೆ ಪಾಠ ಅಭ್ಯಾಸಕ್ಕೆ ಹೋದ್ರೆ ಹಿಂದಿನ ಬೆಂಚಲ್ಲಿ ಕುಂತು ತಪ್ಪು ಬರ್ಕೊಳೋಳೂ ನಾನೆ. ಸಂಜೆಗೆ ನಾನೇ ಕರೆದು, ಏನಮ್ಮಾ ನಿನ್ನ ಕಷ್ಟ ಅಂದ್ರೆ ಹೇಳ್ತಾಳಾ? ನಾನಾದ್ರೂ ಹೇಳ್ತಿರಲಿಲ್ಲ."

ಇದು ಆ ಮೇಡಂ ಒಬ್ಬರ ಕಥೆಯಲ್ಲ, ಸಣ್ಣ ಕಾಲೇಜಿನ ರಚನೆಯೇ ಹಾಗೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ವಿಭಾಗ ಬೇರೆ, ಸಲಹಾ ಕೇಂದ್ರ ಬೇರೆ ಇರಲು ಸಾಧ್ಯ. ಇಲ್ಲಿ ಒಂದೇ ಕುರ್ಚಿ. ಕೋಣೆಗೆ ಬಾಗಿಲಿದ್ದರೆ ಪುಣ್ಯ. ಆಫೀಸಿನ ಅಟೆಂಡರು ಹುಡುಗನ ಊರಿನವನೇ ಆಗಿರುತ್ತಾನೆ, ಗುಮಾಸ್ತೆ ಯಾರದೋ ಬೀಗರು. "ಸೈಕಾಲಜಿ ಮೇಡಂ ರೂಮಿಗೆ ಹೋಗಿದ್ಳಂತೆ" ಅನ್ನೋ ಮಾತು ಕಡೇ ಬಸ್ಸಿಗಿಂತ ಮುಂಚೆ ಊರು ಸೇರುತ್ತೆ. ಮದುವೆಗೆ ಬಂದ ಹುಡುಗಿಯ ವಿಷಯದಲ್ಲಿ ಇದು ಎಷ್ಟು ದೊಡ್ಡ ಸಂಗತಿ ಅನ್ನುವುದು ನಮ್ಮ ಹಳ್ಳಿ ಬಲ್ಲವರಿಗೆ ಗೊತ್ತು.

ಮೇಡಂಗಳ ಪಾಡೂ ನೆಟ್ಟಗಿಲ್ಲ. ಖಾಸಗಿ ಸಣ್ಣ ಕಾಲೇಜುಗಳಲ್ಲಿ ನಾನು ಕಂಡ ಮನಶ್ಶಾಸ್ತ್ರದ ಅಧ್ಯಾಪಕರು ಪಾಠದ ಜೊತೆ ಹಾಜರಿ, ವಿದ್ಯಾರ್ಥಿವೇತನದ ಅರ್ಜಿ, ಸಾಂಸ್ಕೃತಿಕ ಕಾರ್ಯಕ್ರಮ ಎಲ್ಲ ನೋಡಿಕೊಳ್ಳುತ್ತಾರೆ. ಹೊಸ ವರ್ಷಕ್ಕೆ ಕೆಲಸ ಮುಂದುವರೆಯುತ್ತೋ ಇಲ್ಲವೋ ಎಂಬ ಚಿಂತೆ ಇದ್ದೇ ಇರುತ್ತೆ. ಊರ ಮಕ್ಕಳ ನೋವು ಕೇಳುವವರ ನೋವನ್ನು ಕೇಳಲು ಯಾರೂ ಇಲ್ಲ. ಇನ್ನೊಂದು ಮಾತು. ಮನಶ್ಶಾಸ್ತ್ರ ಪಾಠ ಮಾಡುವುದು ಬೇರೆ ವಿದ್ಯೆ, ನೊಂದವರ ಜೊತೆ ಕೂತು ಸಲಹೆ ಕೊಡುವುದು ಬೇರೆ ವಿದ್ಯೆ. ಎತ್ತಿನ ಲಕ್ಷಣ ಹೇಳಬಲ್ಲವರೆಲ್ಲ ಎತ್ತಿಗೆ ಮದ್ದು ಹಾಕಬಲ್ಲರೇ?

ಆದರೂ ಈ ಮೇಷ್ಟ್ರುಗಳು ಮಾಡುವ ಕೆಲಸ ಸಣ್ಣದಲ್ಲ. ಒಬ್ಬರು ಪಾವ್ಲೋವನ ಪಾಠವನ್ನು ಸಂತೆಯಿಂದ ತಾನಾಗಿ ಮನೆ ದಾರಿ ಹಿಡಿಯುವ ಗಾಡಿ ಎತ್ತಿನಿಂದ ಶುರು ಮಾಡಿದ್ದನ್ನು ಕೇಳಿದ್ದೇನೆ. ಜೀನ್ಸ್ ಹೊಲಿಯುವ ಮನೆಯಿಂದ ಬಂದ ಒಬ್ಬ ಹುಡುಗ ನನಗೆ ಹೇಳಿದ್ದು ಇದು: "ಸಾರ್, ನಮ್ಮಪ್ಪ ಯಾಕೆ ಮಾತೇ ಆಡಲ್ಲ ಅಂತ ಸಿಟ್ಟಿತ್ತು. ಈ ಪಾಠ ಕೇಳಿದ ಮೇಲೆ, ಅದು ಕೊಬ್ಬಲ್ಲ, ಕಾಯಿಲೆ ಇರಬಹುದು ಅಂತ ಹೊಳೀತು." ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಪರೀಕ್ಷೆಗೆಂದು ಓದಿದ ಒಂದು ವಿಷಯ ಮನೆಗೆ ಬೆಳಕಾಗುವುದು ಹೀಗೆ.

ದಿಗಿಲು, ದಿಗುಲು, ಬೆಂಗ

ಈಗ ಭಾಷೆಯ ಮಾತಿಗೆ ಬರೋಣ. ಎರಡೂ ಭಾಷೆಯಲ್ಲಿ ಪದ ಹೊಸೆಯುವವನಾಗಿ ಇದನ್ನು ನಾನು ಹೇಳಲೇಬೇಕು.

ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. ಇಷ್ಟು ವರ್ಷ ಇದು ಭಾರವೇ ಆಗಿರಲಿಲ್ಲ, ಬಲವೇ ಆಗಿತ್ತು. ಮೂರನೆಯದಾಗಿ ಇಂಗ್ಲಿಷು ಸೇರಿದೆ. ಆಂಧ್ರದಲ್ಲಿ 2021-22ರಿಂದ ಡಿಗ್ರಿ ಕೋರ್ಸುಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ತೀರ್ಮಾನವಾಯಿತು. ಕನ್ನಡ ಮಾಧ್ಯಮದ ಹೈಸ್ಕೂಲು ಮುಗಿಸಿ ಬಂದ ಹುಡುಗಿ ಇಂಗ್ಲಿಷಿನಲ್ಲಿ ಡಿಗ್ರಿ ದಾಟಿ ಬಿ.ಎಡ್.ಗೆ ಬಂದರೆ, ಅಲ್ಲಿ ಪುಸ್ತಕ ಒಂದು ಭಾಷೆ, ನೋಟ್ಸು ಇನ್ನೊಂದು ಭಾಷೆ.

ಶಾಸ್ತ್ರದ ಪದಗಳಲ್ಲೇ ಎಂಥ ಎಡವಟ್ಟಿದೆ ನೋಡಿ. ತೆಲುಗಿನ ಮನಶ್ಶಾಸ್ತ್ರದಲ್ಲಿ "ಪ್ರಜ್ಞ" ಅಂದರೆ ಬುದ್ಧಿಶಕ್ತಿ. ಬುದ್ಧಿಯನ್ನು ಅಳೆದು ಬರೆಯುವ ಅಂಕಿಗೆ "ಪ್ರಜ್ಞಾಲಬ್ಧಿ" ಅನ್ನುತ್ತಾರೆ. ಕನ್ನಡದಲ್ಲಿ ಪ್ರಜ್ಞೆ ಅಂದರೆ ಎಚ್ಚರ, ಪ್ರಜ್ಞೆ ತಪ್ಪಿತು ಅಂದರೆ ಮೂರ್ಛೆ ಹೋಯಿತು. ನಾವು ವ್ಯಕ್ತಿತ್ವ ಅನ್ನುವುದಕ್ಕೆ ಅವರು "ಮೂರ್ತಿಮತ್ವಂ" ಅನ್ನುತ್ತಾರೆ. "ಪ್ರಜ್ಞ ಕಡಿಮೆ ಇರೋ ಮಕ್ಕಳು ಅಂದ್ರೆ ನಿದ್ದೆಗಣ್ಣಿನ ಮಕ್ಕಳು ಅಂದ್ಕೊಂಡಿದ್ದೆ ಸಾರ್" ಅಂತ ಒಬ್ಬ ಹುಡುಗಿ ನಕ್ಕೊಂಡು ಹೇಳಿದಳು. ಪರೀಕ್ಷೆಯಲ್ಲಿ ಇದು ನಗುವ ವಿಷಯ. ಮನಸ್ಸು ಮುರಿದು ಕೂತಾಗ ಇದು ನಗುವ ವಿಷಯವಲ್ಲ.

ದಿಗಿಲು ಅನ್ನುವ ಪದ ತಗೊಳ್ಳಿ. ಕನ್ನಡದವನು "ದಿಗಿಲಾಗ್ತೈತೆ" ಅಂದರೆ ಹೆದರಿಕೆ, ಎದೆ ಹೊಡ್ಕೊಳ್ತಾ ಇದೆ ಅಂತ ಅರ್ಥ. ತೆಲುಗಿನವರು "ದಿಗುಲುಗಾ ಉಂದಿ" ಅಂದರೆ ಮನಸ್ಸು ಕುಗ್ಗಿದೆ, ಕೊರಗು ಹತ್ತಿದೆ ಅಂತ. ಹುಟ್ಟಿನಿಂದ ಒಂದೇ ಪದ, ಗಡಿ ದಾಟಿದ ಮೇಲೆ ಬೇರೆ ನೋವು. ಭಯದ ಕಾಯಿಲೆ ಮತ್ತು ಖಿನ್ನತೆಯ ಕಾಯಿಲೆ ಬೇರೆ ಬೇರೆ ಅಂತ ಡಾಕ್ಟರುಗಳೇ ಹೇಳುತ್ತಾರೆ. ಕನ್ನಡ ಹುಡುಗ ಹೇಳಿದ ದಿಗಿಲನ್ನು ತೆಲುಗು ಮಾತ್ರ ಬಲ್ಲ ಸಲಹೆಗಾರ ದಿಗುಲು ಎಂದು ಕೇಳಿಸಿಕೊಂಡರೆ ತಪ್ಪು ಹುಡುಗನದೂ ಅಲ್ಲ, ಸಲಹೆಗಾರನದೂ ಅಲ್ಲ. ತೆಲುಗಿನ "ಬೆಂಗ" ಅನ್ನುವ ಪದಕ್ಕೆ, ಅಂದರೆ ತೌರಿನ, ಮನೆಯ, ತಾಯಿಯ ನೆನಪಿನಿಂದ ಒಳಗೇ ಸವೆಯುವುದಕ್ಕೆ, ಕನ್ನಡದಲ್ಲಿ ಒಂದೇ ಮಾತು ನನಗೆ ಇಂದಿಗೂ ಸಿಕ್ಕಿಲ್ಲ. ನಮ್ಮ "ಸಂಕಟ" ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ನಮ್ಮ ಹೆಣ್ಣುಮಕ್ಕಳು ಮನಸ್ಸಿನ ನೋವನ್ನು ಹೇಳುವುದೇ ಹೊಟ್ಟೆ, ಎದೆ, ತಲೆಯ ಮಾತಿನಲ್ಲಿ.

"ನಿಮ್ಮ ಮಕ್ಕಳಿಗೆ ತೆಲುಗು ಬರ್ತದಲ್ಲ, ಇನ್ನೇನು?" ಅಂತ ಕೇಳುವವರಿದ್ದಾರೆ. ಬರುತ್ತದೆ, ಚೆನ್ನಾಗೇ ಬರುತ್ತದೆ. ನಾನು ತೆಲುಗಿನಲ್ಲಿ ಪದ್ಯ ಬರೆಯುವವನು, ಆ ಭಾಷೆಯ ಮೇಲೆ ನನಗೆ ತಕರಾರಿಲ್ಲ. ಅಂಗಡಿಯಲ್ಲಿ ಲೆಕ್ಕ ಮಾಡುವ ಭಾಷೆ ಬೇರೆ, ಅಳುವ ಭಾಷೆ ಬೇರೆ ಅನ್ನುವುದಷ್ಟೇ ನನ್ನ ಮಾತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣದ ಸೌಲಭ್ಯ ಇರಬೇಕು ಅನ್ನುತ್ತದೆ. ಆಮೇಲಿನ ದಾರಿಗೆ ಅದು ಬರುವುದಿಲ್ಲ. ಮನಸ್ಸಿನ ಬಿಕ್ಕಟ್ಟು ಶುರುವಾಗುವುದೋ ಹದಿನಾರು, ಹದಿನೆಂಟಕ್ಕೆ. ಕೋರ್ಟಿನ ಮಾರ್ಗಸೂಚಿ ವಿಶೇಷ ಕಾಳಜಿ ಬೇಕಾದವರೆಂದು ಪರಿಶಿಷ್ಟರು, ಹಿಂದುಳಿದವರು, ಅಂಗವಿಕಲರು ಮುಂತಾದವರನ್ನು ಹೆಸರಿಸಿದೆ, ಪಟ್ಟಿ ಅಷ್ಟಕ್ಕೇ ಮುಗಿಯುವುದಿಲ್ಲ ಎಂದೂ ಹೇಳಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳನ್ನು ಆ ಪಟ್ಟಿಗೆ ಸೇರಿಸಿಕೊಳ್ಳಲು ರಾಜ್ಯ ಸರ್ಕಾರಕ್ಕೆ ಅಡ್ಡಿಯೇನಿಲ್ಲ.

ಬಳ್ಳಾರಿಯಲ್ಲಿ ಆದದ್ದು, ನಮಗೆ ಮುಟ್ಟದ್ದು

ಕನ್ನಡದಲ್ಲಿ ಈ ವಿದ್ಯೆ ಬಡವಾಗಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲೇ ಶುರುವಾಯಿತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಕೇಂದ್ರ ಆರಂಭಿಸಿದವರು. "ಆಕಾಶವಾಣಿ" ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಕೊರವಂಜಿ ಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ ಅವರ "ಮನಮಂಥನ"ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೋರೋಗಗಳ ಬಗ್ಗೆ ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇದೆಲ್ಲಕ್ಕಿಂತ ನಮಗೆ ಹತ್ತಿರದ್ದು ಬಳ್ಳಾರಿಯ ಪ್ರಯೋಗ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವ, ಮದ್ದು ಕೊಡುವ ತರಬೇತಿ ಕೊಟ್ಟಿತು. ಬೆಂಗಳೂರಿಗೆ ಹೋಗದೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯ ಅಂತ ತೋರಿಸಿದ್ದು ಅದು. 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು ಇದೇ "ಬಳ್ಳಾರಿ ಮಾದರಿ"ಯ ಮೇಲೆ. ಆದರೆ 1953ರ ಅಕ್ಟೋಬರ್ 1ರಂದೇ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿಹೋಗಿದ್ದವು. ನಾವು ಬಳ್ಳಾರಿ ಬಿಟ್ಟ ಮೂರು ದಶಕದ ಮೇಲೆ ಬಳ್ಳಾರಿ ದೇಶಕ್ಕೆ ದಾರಿ ತೋರಿಸಿತು. ಇಂದಿಗೂ ರಾಯದುರ್ಗದವರಿಗೆ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. ಹೆರಿಗೆಗೆ, ಮುರಿದ ಮೂಳೆಗೆ ಬಳ್ಳಾರಿ ಬಸ್ಸು ಹತ್ತುವವರು ಮನಸ್ಸಿನ ಕಾಯಿಲೆಗೆ ಯಾಕೆ ಹತ್ತಬಾರದು? ನೂರಕ್ಕಿಂತ ಕಡಿಮೆ ಮಕ್ಕಳಿರುವ ಕಾಲೇಜು "ಹೊರಗಿನ ತಜ್ಞರ ಸಂಪರ್ಕ" ಇಟ್ಟುಕೊಳ್ಳುವಾಗ ಅದು ರಾಜ್ಯದ ಒಳಗೇ ಇರಬೇಕು ಎಂಬ ಷರತ್ತನ್ನು ಅಧಿಕಾರಿಗಳು ಹೇರದಿದ್ದರೆ ಸಾಕು.

ಮುಚ್ಚಿದ ಒಂದು ದಾರಿ

ಇನ್ನೊಂದು ಬೆಳವಣಿಗೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2025ರ ಜುಲೈ-ಆಗಸ್ಟ್ ಸಾಲಿನಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಹೊಸದಾಗಿ ಕಲಿಸಕೂಡದು ಎಂದಿತು. 2021ರ ಆರೋಗ್ಯ ವೃತ್ತಿಗಳ ಕಾಯ್ದೆಯ ಅಡಿ ಇದು ಬರುವುದರಿಂದ, ಎದುರು ಕೂತು ಕಲಿಯದೆ ಈ ವೃತ್ತಿ ಸಲ್ಲದು ಎಂಬುದು ಕಾರಣ. ಗುಣಮಟ್ಟದ ದೃಷ್ಟಿಯಿಂದ ಇದು ನ್ಯಾಯವೇ. ಮನಸ್ಸಿಗೆ ಚಿಕಿತ್ಸೆ ಕೊಡುವುದನ್ನು ಅಂಚೆಯಲ್ಲಿ ಕಲಿಯಲಾಗದು.

ಆದರೆ ಗಡಿಯ ಸಣ್ಣ ಊರುಗಳಿಂದ ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಮದುವೆಯಾಗಿ, ಮಗು ಎತ್ತಿಕೊಂಡು, ಇಗ್ನೋದಂಥ ಕಡೆ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿಕೊಳ್ಳುವ ದಾರಿ ನಮ್ಮ ಹೆಣ್ಣುಮಕ್ಕಳಿಗಿತ್ತು. ಈಗ ಅದು ಮುಚ್ಚಿತು. ಒಂದು ತಿಂಗಳು ಕೋರ್ಟು, ನೂರು ಮಕ್ಕಳಿಗೊಬ್ಬ ಸಲಹೆಗಾರ ಬೇಕು ಅನ್ನುತ್ತದೆ. ಅದೇ ಸಾಲಿನಲ್ಲಿ ಆಯೋಗ, ಆ ವಿದ್ಯೆಗೆ ಊರು ಬಿಟ್ಟು ಬನ್ನಿ ಅನ್ನುತ್ತದೆ. ಎರಡೂ ಸರಿಯೇ ಇರಬಹುದು. ನಡುವೆ ಸೇತುವೆ ಕಟ್ಟುವವರು ಯಾರು? ಹೊರಗಿಂದ ಬಂದ ಸಲಹೆಗಾರರು ಗಡಿಯ ಸಣ್ಣ ಊರಿನಲ್ಲಿ ಎಷ್ಟು ದಿನ ನಿಲ್ಲುತ್ತಾರೆ? ನಿಂತರೂ ಅವರಿಗೆ ಕನ್ನಡ ಬರುತ್ತದೆಯೇ?

ಫೋನಿನ ದಾರಿ ಒಂದಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್, ನಂಬರು 14416. ಕಾಸಿಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಯೂ ಕೆಲಸ ಮಾಡುತ್ತದೆ. ಭಾಷೆ ಆರಿಸಿಕೊಳ್ಳುವ ಅವಕಾಶವೂ ಇದೆ. ನಿಮ್ಹಾನ್ಸ್ ಇದರ ಬೆನ್ನೆಲುಬು. ಮನಸ್ಸು ತೀರಾ ಭಾರವಾದ ಯಾರೇ ಆಗಲಿ, ಮಕ್ಕಳಾಗಲಿ ರೈತರಾಗಲಿ, ಇದಕ್ಕೆ ಫೋನು ಮಾಡಬೇಕು, ಅದರಲ್ಲಿ ನಾಚಿಕೆ ಇಲ್ಲ. ಕರೆಗಳು ಆಯಾ ರಾಜ್ಯದ ಕೇಂದ್ರಕ್ಕೆ ಹೋಗುವ ವ್ಯವಸ್ಥೆ ಇರುವುದರಿಂದ ಆಂಧ್ರದ ಕೇಂದ್ರಗಳಲ್ಲಿ ಕನ್ನಡ ಬಲ್ಲವರು ಎಲ್ಲ ಪಾಳಿಯಲ್ಲೂ ಇರುವಂತೆ ನೋಡಿಕೊಳ್ಳಬೇಕು. ಕರ್ನಾಟಕದ ಕೇಂದ್ರಗಳಲ್ಲಿ ತೆಲುಗು, ಮರಾಠಿ ಬಲ್ಲವರೂ ಇರಬೇಕು. ಪಾವಗಡದ ತೆಲುಗು ಹುಡುಗನ ನೋವು ನಮ್ಮ ಹುಡುಗನ ನೋವಿಗಿಂತ ಸಣ್ಣದಲ್ಲ.

ಏನಾಗಬೇಕು

ಆಗಬೇಕಾದದ್ದು ಅಸಾಧ್ಯವಾದದ್ದೇನಲ್ಲ. ನೂರರ ಲೆಕ್ಕವನ್ನು ಹಾಜರಾದ ಮಕ್ಕಳ ಬದಲು ಮಂಜೂರಾದ ಸೀಟಿನ ಮೇಲೆ ಹಿಡಿದರೆ ತೊಂಬತ್ತೊಂಬತ್ತರ ಆಟ ನಿಲ್ಲುತ್ತದೆ. ಒಂದೊಂದೇ ಕಾಲೇಜಿಗೆ ಸಂಬಳದ ಭಾರ ಹೆಚ್ಚಾದರೆ, ಒಂದು ಊರಿನ ಮೂರ್ನಾಲ್ಕು ಕಾಲೇಜು ಸೇರಿ ಒಬ್ಬ ಸಲಹೆಗಾರರನ್ನು ಇಟ್ಟುಕೊಳ್ಳಲಿ. ಆ ವ್ಯಕ್ತಿ ಯಾವ ಕಾಲೇಜಿನಲ್ಲೂ ಮಾರ್ಕ್ಸ್ ಹಾಕುವವರಾಗಿರಬಾರದು. ಕೂರುವ ಕೋಣೆ ಆಫೀಸಿನ ಎದುರಿಗೆ ಇರಬಾರದು. ಕನ್ನಡ ಮಕ್ಕಳಿರುವ ಕಡೆ ಕನ್ನಡ ಬಲ್ಲವರಿಗೆ ಆದ್ಯತೆ ಸಿಗಬೇಕು.

ಕರ್ನಾಟಕ ಸರ್ಕಾರದ ಪಾಲೂ ಇದೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಕನ್ನಡ ಸಂಸ್ಥೆಗಳಿಗೆ ನೆರವು ಕೊಡುತ್ತದೆ. ನಾವು ಭವನ ಕೇಳುತ್ತೇವೆ, ಉತ್ಸವ ಕೇಳುತ್ತೇವೆ. ಒಂದು ವರ್ಷ ಅದರ ಬದಲು ಗಡಿ ಕಾಲೇಜುಗಳ ಅಧ್ಯಾಪಕರಿಗೆ ನಿಮ್ಹಾನ್ಸ್‌ನಲ್ಲಿ ತರಬೇತಿ ಕೇಳೋಣ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮಗೆ ದೂರವಲ್ಲ. ದಿಗಿಲು, ದಿಗುಲು, ಬೆಂಗ, ಸಂಕಟ ಇಂಥ ಪದಗಳನ್ನು ಊರಿಂದ ಊರಿಗೆ ಕೇಳಿ ಬರೆದ ಒಂದು ಸಣ್ಣ ಕನ್ನಡ-ತೆಲುಗು ಕೈಪಿಡಿ ಮಾಡಿಕೊಟ್ಟರೆ ಸಲಹೆಗಾರರಿಗೂ ಡಾಕ್ಟರುಗಳಿಗೂ ಅದು ದೊಡ್ಡ ಉಪಕಾರ.

ಉಳಿದದ್ದು ತಾಯ್ತಂದೆಯರ ಕೆಲಸ. ಕಾಲೇಜಿಗೆ ಸೇರಿಸುವಾಗ ಫೀಸು ಎಷ್ಟು, ಬಸ್ಸು ಇದೆಯಾ, ಹಾಸ್ಟೆಲ್ ಊಟ ಹೆಂಗೆ ಅಂತ ಕೇಳ್ತೀವಿ. ಅದರ ಜೊತೆ ಇನ್ನೆರಡು ಕೇಳಿ: ಮಕ್ಕಳ ಕಷ್ಟ ಕೇಳೋರು ಇಲ್ಲಿ ಯಾರಿದ್ದಾರೆ? ಅವರಿಗೆ ಕನ್ನಡ ಬರುತ್ತಾ? ಹತ್ತು ಮಂದಿ ಕೇಳಿದರೆ ಪ್ರಿನ್ಸಿಪಾಲರು ಉತ್ತರ ಹುಡುಕಲೇಬೇಕಾಗುತ್ತದೆ.